ದಿನಕ್ಕೆ ಎರಡೇ ಹೊತ್ತು

ಹೋದ ತಿಂಗಳು ಒಂದು ಭಾನುವಾರ ಎದುರುಮನೆಯ ಹುಡುಗ ಚಪ್ಪಲಿ ಡಬ್ಬ ಎದೆಗವಚಿಕೊಂಡು ಬಂದ. “ಅಂಕಲ್, ಇವುಗಳಮ್ಮ ಸತ್ತೋಯ್ತು” ಅಂದ. ಒಳಗೆ ಹಳೆ ಬನಿಯನ್ನಿನ ಮೇಲೆ ಮೂರು ಮೊಲದ ಮರಿ. ಹುಟ್ಟಿ ಎರಡು ದಿನವಾಗಿತ್ತಂತೆ. ಕೂದಲಿಲ್ಲ, ಕಣ್ಣು ತೆರೆದಿಲ್ಲ, ಸಿಪ್ಪೆ ಬಿಡಿಸಿದ ಹಸಿ ಕಡಲೆಕಾಯಿಯ ಬಣ್ಣ. ಅವನ ಅಜ್ಜಿ ಆಗಲೇ ಹಸುವಿನ ಹಾಲಿಗೆ ಸಕ್ಕರೆ ಕದಡಿ, ಹತ್ತಿ ಅದ್ದಿ ಬಾಯಿಗೆ ಹಿಂಡಿದ್ದರು. “ಆರು ಮಕ್ಕಳನ್ನ ಸಾಕಿದೀನಿ, ಮೊಲ ಯಾವ ಲೆಕ್ಕ” ಅನ್ನುವುದು ಅವರ ವಾದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆ ಇಂಥ ಮನೆಯಲ್ಲೇ ಹುಟ್ಟಿರಬೇಕು.

ಈ ಮರಿಗಳ ತಾಯಿ ನಿಜಕ್ಕೂ ಸತ್ತಿತ್ತು. ಆದರೆ ‘ತಬ್ಬಲಿ’ ಎಂದು ನನ್ನ ಹತ್ತಿರ ಬರುವ ಎಷ್ಟೋ ಮರಿಗಳು ತಬ್ಬಲಿಗಳೇ ಅಲ್ಲ. ತಾಯಿಮೊಲ ಹೊಟ್ಟೆಯ ತುಪ್ಪಳ ಕಿತ್ತು ಗೂಡಿಗೆ ಹಾಸುತ್ತದೆ, ಈಯುತ್ತದೆ, ಆಮೇಲೆ ಆ ಕಡೆ ತಿರುಗಿಯೂ ನೋಡದಂತಿರುತ್ತದೆ. ಬರುವುದು ದಿನಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಸಲ, ಅದೂ ಬಹುಪಾಲು ಇರುಳಲ್ಲಿ ಅಥವಾ ನಸುಕಿನಲ್ಲಿ. ಮೂರರಿಂದ ಐದು ನಿಮಿಷ ಹಾಲೂಡಿಸಿ ಹೊರಟುಬಿಡುತ್ತದೆ. ಬಿಲದ ಬಾಯಲ್ಲಿ ಸುಳಿದಾಡಿದಷ್ಟೂ ನರಿಗೆ ದಾರಿ ತೋರಿಸಿದಂತೆ ಎಂಬುದು ಅದರ ಹಳೆಯ ಲೆಕ್ಕ. ನಮ್ಮ ಹಿತ್ತಲ ಪಂಜರದಲ್ಲೂ ಆ ಲೆಕ್ಕ ಬಿಟ್ಟಿಲ್ಲ. ಹಗಲೆಲ್ಲ ಕಾದು ಕೂತವರಿಗೆ ಇದು ಕಲ್ಲೆದೆಯ ತಾಯಿ ಅನ್ನಿಸುತ್ತದೆ. ಬೆಳಿಗ್ಗೆ ಮರಿಯ ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ: ದುಂಡಗೆ ಬಿಗಿದಿದ್ದರೆ ಹಾಲು ಕುಡಿದಿದೆ, ಚರ್ಮ ಸುಕ್ಕುಗಟ್ಟಿದ್ದರೆ ಇಲ್ಲ.

ಐದು ನಿಮಿಷದ ಊಟದಲ್ಲಿ ದಿನ ತಳ್ಳಬೇಕೆಂದರೆ ಹಾಲು ಗಟ್ಟಿಯಿರಲೇಬೇಕು. ಮೊಲದ ಹಾಲಿನಲ್ಲಿ ಕೊಬ್ಬು ಶೇ. 12ರ ಆಸುಪಾಸು, ಸಕ್ಕರೆ ಅಂಶ ಶೇ. 2ಕ್ಕೂ ಕಡಿಮೆ. ಹಸುವಿನ ಹಾಲಿನಲ್ಲಿ ಕೊಬ್ಬು ಸುಮಾರು 4, ಸಕ್ಕರೆ ಹತ್ತಿರಹತ್ತಿರ 5. ಅಂದರೆ ಬೇಕಾದದ್ದು ಕಡಿಮೆ, ಬೇಡದ್ದು ಜಾಸ್ತಿ. ಅದರ ಮೇಲೆ ಅಜ್ಜಿಯ ಚಮಚ ಸಕ್ಕರೆ! ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ, ಬೆಕ್ಕಿನ ಮರಿಗಳ ಹಾಲಿನ ಪುಡಿಯೇ ಇದ್ದುದರಲ್ಲಿ ಹತ್ತಿರದ್ದು. ಸಿಗದಿದ್ದರೆ ಆಡಿನ ಹಾಲಿಗೆ ಸಕ್ಕರೆಯಿಲ್ಲದ ಕೆನೆ ಸ್ವಲ್ಪ ಬೆರೆಸಿಕೊಳ್ಳಬಹುದು.

ಆದರೆ ಅವತ್ತು ಮೊದಲ ಒಂದು ಗಂಟೆ ನಾನು ಹಾಲಿನ ಗೊಡವೆಗೇ ಹೋಗಲಿಲ್ಲ. ಮರಿಗಳ ಮೈ ತಣ್ಣಗಿತ್ತು. ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು, ಮೈ ಬೆಚ್ಚಗಾದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ: 48, 45, 39 ಗ್ರಾಂ.

ಸೂಜಿ ತೆಗೆದ ಒಂದು ಮಿಲಿಯ ಸಿರಿಂಜು ಸಾಕು. ಮರಿಯನ್ನು ನಮ್ಮ ಮಕ್ಕಳಂತೆ ಅಂಗಾತ ಮಲಗಿಸಬಾರದು. ಹಾಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಬಟ್ಟೆಯ ಮೇಲೆ ಬೋರಲಾಗಿ ಕೂರಿಸಿ, ತಲೆ ತುಸು ಮೇಲಿರುವಂತೆ ಹಿಡಿದು, ತುಟಿಗೆ ಒಂದು ಹನಿ ತಾಗಿಸಿ ಕಾಯಬೇಕು. ಮೊದಲು ಮೂಗು ನಡುಗುತ್ತದೆ, ಆಮೇಲೆ ಅಕ್ಕಿಕಾಳಿನಷ್ಟು ನಾಲಿಗೆ ಹೊರಬರುತ್ತದೆ. ಅದು ನೆಕ್ಕಿದಷ್ಟೇ ನಾವು ಒತ್ತಬೇಕು. ಮೊದಲ ದಿನಗಳಲ್ಲಿ ಒಂದು ಹೊತ್ತಿಗೆ ಎರಡು, ಎರಡೂವರೆ ಮಿಲಿ. ವಾರಕ್ಕೆ ಆರೇಳು, ಎರಡು ವಾರಕ್ಕೆ ಹನ್ನೆರಡು. ದಿನಕ್ಕೆ ಎರಡೇ ಹೊತ್ತು. ಅಯ್ಯೋ ಪಾಪ ಅಂತ ಗಂಟೆಗೊಮ್ಮೆ ಹಿಂಡುವ ಕೈ, ಉಪವಾಸಕ್ಕಿಂತ ಬೇಗ ಮರಿಯನ್ನು ಸಾಯಿಸುತ್ತದೆ.

ಕುಡಿಸಿದ ಮೇಲೆ ಇನ್ನೊಂದು ಕೆಲಸವಿದೆ. ಕಣ್ಣು ತೆರೆಯುವವರೆಗೆ ಮರಿ ತಾನಾಗಿ ಉಚ್ಚೆ ಹೊಯ್ಯಲಾರದು, ತಾಯಿ ನೆಕ್ಕಿ ಹೊಯ್ಯಿಸುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಹೊಟ್ಟೆಯಿಂದ ಬಾಲದ ಕಡೆಗೆ ಮೆಲ್ಲಗೆ ಸವರಿದರೆ ಆಯಿತು. ಹುಡುಗನಿಗೆ ಇದೇ ಖುಷಿಯ ಕೆಲಸವಾಗಿಬಿಟ್ಟಿತು.

39 ಗ್ರಾಮಿನದು ನಾಲ್ಕನೆಯ ರಾತ್ರಿ ಹೋಯಿತು. ತಾಯಿಹಾಲು ಮರಿಯ ಹೊಟ್ಟೆಯಲ್ಲಿ ರೋಗಾಣುಗಳನ್ನು ತಡೆಯುವ ಕೊಬ್ಬಿನಾಮ್ಲಗಳನ್ನು ಕೊಡುತ್ತದೆ, ಪುಡಿಹಾಲಿಗೆ ಆ ಕಸುಬು ಗೊತ್ತಿಲ್ಲ. ಉಳಿದೆರಡು ಹತ್ತನೆಯ ದಿನದ ಹೊತ್ತಿಗೆ ಕಣ್ಣು ಬಿಟ್ಟವು. ಆಗ ಪರಿಚಯದವರ ಮನೆಯ ಆರೋಗ್ಯವಂತ ದೊಡ್ಡ ಮೊಲದಿಂದ ಮೆತ್ತನೆಯ ಹಿಕ್ಕೆ ತಂದು ಒಂದಿಷ್ಟು ಹಾಲಿಗೆ ಕದಡಿ ಕುಡಿಸಿದೆ. ದಿನವೂ ಕಾಣುವ ಒಣ ಗುಳಿಗೆಯಲ್ಲ, ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರುತ್ತದಲ್ಲ, ಅದು. ಕರುಳಿಗೆ ಬೇಕಾದ ಸೂಕ್ಷ್ಮಜೀವಿಗಳು ಅದರಲ್ಲಿವೆ. ನನ್ನ ಹೆಂಡತಿ ಆ ಬಟ್ಟಲನ್ನು ಮತ್ತೆ ಒಳಗೆ ಸೇರಿಸಿಲ್ಲ. ಈಗ ಒಣಹುಲ್ಲು, ಕುದುರೆ ಮಸಾಲೆ ಸೊಪ್ಪು ಕಚ್ಚುತ್ತಿವೆ. ಕ್ಯಾರೆಟ್ ಕಾರ್ಟೂನ್ ಮೊಲದ ಊಟ, ಇವಕ್ಕೆ ಬೇಡ.

ಇನ್ನೊಂದು ಮಾತು. ಹೊಲದಲ್ಲಿ ಸಿಕ್ಕ ಮರಿಗೆ ಮೈತುಂಬ ಕೂದಲಿದ್ದು ಕಣ್ಣೂ ತೆರೆದಿದ್ದರೆ ಅದು ಕಾಡುಮೊಲ. ಅದು ಹುಟ್ಟುವುದೇ ಹಾಗೆ. ಅದನ್ನು ಮನೆಗೆ ತರುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಇದ್ದ ಜಾಗದಲ್ಲೇ ಬಿಟ್ಟು ಬನ್ನಿ, ಕತ್ತಲಾದ ಮೇಲೆ ತಾಯಿ ಬರುತ್ತದೆ.