ರಾಮಣ್ಣ ರೈ ಕೊಡುಗೆಯ ಶಾಲೆಯಲ್ಲಿ ಹೆತ್ತವರ ಕುರ್ಚಿ

2018ರ ಆಗಸ್ಟ್‌ನಲ್ಲಿ ತೆರೆಕಂಡ, ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರವನ್ನು ನೋಡಿ ನಾವೆಲ್ಲ ಮನಸಾರೆ ನಕ್ಕಿದ್ದೇವೆ. ಆ ವರ್ಷದ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ಗಡಿನಾಡಿನ ಕನ್ನಡವನ್ನು ಮಕ್ಕಳ ಬಾಯಲ್ಲಿ ಅದಿರುವಂತೆಯೇ ಆಡಿಸಿದ್ದು ಆ ಚಿತ್ರದ ದೊಡ್ಡ ಗುಣ. ಕನ್ನಡ ಬಾರದ ಮಲಯಾಳಿ ಮೇಷ್ಟ್ರು ಕನ್ನಡ ಶಾಲೆಗೆ ಬರುವ ಪ್ರಸಂಗ ಬರೀ ತಮಾಷೆಯಲ್ಲ. ಕಾಸರಗೋಡಿನ ಹೆತ್ತವರು ಇಂಥ ನೇಮಕಾತಿಗಳ ವಿರುದ್ಧ ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ.

ನಮ್ಮ ತಕರಾರು ಇರುವುದು ಬೇರೆ ಕಡೆ. ಒಂದು ಊರಿನ ಶಾಲೆಯನ್ನು ಮುಚ್ಚುವವರು ಯಾರು, ಉಳಿಸುವವರು ಯಾರು? ಚಿತ್ರದ ಪ್ರಕಾರ ಮುಚ್ಚಲು ಒಬ್ಬ ಕೆಟ್ಟ ಅಧಿಕಾರಿ ಸಾಕು. ಉಳಿಸಲು ಮೈಸೂರಿನಿಂದ ಬರುವ ಅನಂತ ಪದ್ಮನಾಭರೆಂಬ ಒಬ್ಬ ಮಾತುಗಾರ ಸಾಕು. ಅನಂತನಾಗ್ ನ್ಯಾಯಾಲಯದಲ್ಲಿ ಮಾತಾಡುವಾಗ ಚಪ್ಪಾಳೆ ತಟ್ಟದವರು ಕಡಿಮೆ. ಊರವರು ಜೊತೆಗಿದ್ದಾರೆ ನಿಜ, ಆದರೆ ಹೆಚ್ಚಾಗಿ ಬೆಂಬಲಿಗರಾಗಿ, ನಿರ್ಧರಿಸುವವರಾಗಿ ಅಲ್ಲ.

ಕಾಯಿದೆ ಹೇಳುವುದು ಬೇರೆಯೇ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪ್ರಾಥಮಿಕ ಶಿಕ್ಷಣವನ್ನೂ ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಗೆ ಸೇರಿಸಲಾಯಿತು. ಕರ್ನಾಟಕದಲ್ಲಿ 2001ರಲ್ಲೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೂ ಶಾಲಾ ನಿರ್ವಹಣಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಹೆತ್ತವರೋ ಪೋಷಕರೋ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ. ಆದರೆ ಸಭೆ ಕರೆಯುವುದು ಹಗಲು ಹನ್ನೊಂದಕ್ಕೆ. ಬೀಡಿ ಕಟ್ಟುವ ತಾಯಿ ಅಂದಿನ ದುಡಿಮೆ ಬಿಟ್ಟು ಹೇಗೆ ಬಂದಾಳು? ನಡಾವಳಿ ಪುಸ್ತಕ ಸಹಿಗಾಗಿ ಅವಳ ಮನೆ ಬಾಗಿಲಿಗೇ ಹೋಗುತ್ತದೆ, ಅವಳು ಸಹಿ ಹಾಕುತ್ತಾಳೆ. ಮಕ್ಕಳ ಸಂಖ್ಯೆ ಇಳಿದಿದೆ, ಶಾಲೆಯನ್ನು ಪಕ್ಕದೂರಿನದರೊಂದಿಗೆ ಸೇರಿಸುತ್ತಾರಂತೆ ಎಂಬ ಸುದ್ದಿ ಅವಳಿಗೆ ಮುಟ್ಟುವುದು ಎಲ್ಲ ಮುಗಿದ ಮೇಲೆ. ಅಲ್ಲಿ ಖಳನಾಯಕ ಯಾರೂ ಇರುವುದಿಲ್ಲ. ಹಾಜರಿ ಪುಸ್ತಕದ ಒಂದು ಅಂಕಿ ಮತ್ತು ಖಾಲಿ ಕುರ್ಚಿಗಳಷ್ಟೇ ಇರುತ್ತವೆ. ಸಿನಿಮಾಕ್ಕೆ ಇದು ಸಪ್ಪೆಯಾಗಿ ಕಂಡಿರಬೇಕು.

ಕಾಸರಗೋಡಿನ ಚರಿತ್ರೆ ಮಾತ್ರ ಸಪ್ಪೆಯಲ್ಲ. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಮಹಾಜನ ವರದಿ 1967ರಿಂದ ಕಡತದಲ್ಲೇ ಇದೆ. ವಿಲೀನಕ್ಕಾಗಿ ಜೀವಮಾನವಿಡೀ ದನಿಯೆತ್ತಿದ ಕಯ್ಯಾರ ಕಿಞ್ಞಣ್ಣ ರೈಗಳು ಶಾಲಾ ಮೇಷ್ಟ್ರೂ ಆಗಿದ್ದರು, ಬದಿಯಡ್ಕ ಪಂಚಾಯತಿಯ ಅಧ್ಯಕ್ಷರೂ ಆಗಿದ್ದರು. ರಾಜ್ಯದ ಗೆರೆ ಬದಲಾಗಲಿಲ್ಲವೆಂದು ಪಂಚಾಯತಿಯ ಕುರ್ಚಿಯನ್ನು ಅವರು ಸಣ್ಣದೆಂದು ಬಗೆಯಲಿಲ್ಲ. ಕವಿಯೊಬ್ಬ ಊರಿನ ರಸ್ತೆ, ನೀರು, ಶಾಲೆಯ ಲೆಕ್ಕ ನೋಡುತ್ತಾ ಕೂರುವ ಆ ಚಿತ್ರ ನ್ಯಾಯಾಲಯದ ಭಾಷಣಕ್ಕಿಂತ ನಮಗೆ ಹೆಚ್ಚು ರೋಚಕವಾಗಿ ಕಾಣುತ್ತದೆ.

ಇನ್ನೊಂದು ಮಾತು. ಚಿತ್ರದಲ್ಲಿ ಮಮ್ಮೂಟಿ ಎಂಬ ಚೂಟಿ ಹುಡುಗನಿದ್ದಾನೆ. ಅವನ ಮಾತಿಗೆ ಚಿತ್ರಮಂದಿರವೇ ನಗುತ್ತದೆ. ಆದರೆ ಮನೆಯಲ್ಲಿ ಬ್ಯಾರಿಯನ್ನೋ ಮಲಯಾಳವನ್ನೋ ಆಡುವ ಮುಸ್ಲಿಮರು ಮಕ್ಕಳನ್ನು ಕನ್ನಡ ಶಾಲೆಗೆ ಏಕೆ ಕಳಿಸಿದರು, ಈಗ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿಸುವಾಗ ಏನನ್ನು ಲೆಕ್ಕ ಹಾಕುತ್ತಾರೆ ಎಂಬುದನ್ನು ಕತೆ ಅಗೆದು ನೋಡುವುದಿಲ್ಲ. ಕನ್ನಡವನ್ನು ಬರೀ ಅಭಿಮಾನವಾಗಿ ಕಂಡರೆ ಈ ಲೆಕ್ಕ ಅರ್ಥವಾಗದು. ಚಂದ್ರಗಿರಿ ತೀರದ ಹೆಣ್ಣುಮಕ್ಕಳ ಸಂಕಟವನ್ನು ಕನ್ನಡ ಕಾದಂಬರಿಗೆ ತಂದ ಸಾರಾ ಅಬೂಬಕ್ಕರ್ ಓದಿದ್ದು ಕಾಸರಗೋಡಿನ ಕನ್ನಡ ಶಾಲೆಯಲ್ಲಿ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರ ಮನೆಯವರು ಮಗಳನ್ನು ಕಳಿಸಿದರು. ಅದೂ ಒಂದು ನಿರ್ಧಾರವೇ. ಅದಕ್ಕೆ ಭಾಷಣವೂ ಇರಲಿಲ್ಲ, ಚಪ್ಪಾಳೆಯೂ ಇರಲಿಲ್ಲ.