ಹಕ್ಕು ಮತ್ತು ಭಕ್ಷೀಸು

ಕೊಡುವುದಕ್ಕೆ ನಮ್ಮ ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ಹಲವು ಹೆಸರುಗಳಿವೆ. ದುಡಿದವನಿಗೆ ಸಲ್ಲುವುದು ಕೂಲಿ. ತಿಂಗಳಿಗೊಮ್ಮೆ ಎಣಿಸಿ ಕೊಡುವುದು ಪಗಾರ. ಈ ಪದ ಬಂದದ್ದು ಪೋರ್ಚುಗೀಸರಿಂದ. ಮೆಚ್ಚಿ ಕೊಟ್ಟದ್ದು ಇನಾಮು. ಅರಬೀ ಮೂಲದ ಈ ಮಾತು ಇನಾಮದಾರ ಎಂಬ ಮನೆತನದ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಕೂಲಿಯ ಮೇಲೆ ಸಂತೋಷಕ್ಕೆಂದು ಕೈಗಿಡುವುದು ಭಕ್ಷೀಸು, ಇದು ಪಾರಸಿ. ಇವೆಲ್ಲಕ್ಕಿಂತ ಗಟ್ಟಿಯಾದ ಇನ್ನೊಂದು ಪದವಿದೆ: ಹಕ್ಕು. ಅದೂ ಅರಬಿಯಿಂದಲೇ ಬಂದು ಕನ್ನಡದ್ದೇ ಆಗಿಹೋಗಿದೆ. ಎಲ್ಲೆಲ್ಲಿಂದಲೋ ಬಂದ ಈ ಪದಗಳನ್ನು ನಮ್ಮ ಜನ ಒಂದರೊಳಗೊಂದು ಬೆರೆಸಲಿಲ್ಲ. ಕೂಲಿ ಕೊಡದವನನ್ನು ಮೋಸಗಾರ ಎಂದರು. ಭಕ್ಷೀಸು ಕೊಡದವನನ್ನು ಹೆಚ್ಚೆಂದರೆ ಜಿಪುಣ ಎಂದರು. ಆ ಗೆರೆ ಇಂದು ಮೊಬೈಲಿನ ಪರದೆಯ ಮೇಲೆ ಅಳಿಸಿಹೋಗುತ್ತಿದೆ.

ಜೊಮಾಟೊ, ಸ್ವಿಗ್ಗಿಗಳಲ್ಲಿ ಊಟ ತರಿಸುವಾಗ ಹಣ ಪಾವತಿಸುವ ಹಂತದಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ: ತಂದುಕೊಡುವವರಿಗೆ ಟಿಪ್ ಕೊಡುತ್ತೀರಾ? ಮುರಗೋಡದಂಥ ಊರಿನಲ್ಲಿ ಕುಳಿತವರಿಗೆ ಇದು ಪಟ್ಟಣದವರ ಚರ್ಚೆ ಎನಿಸಬಹುದು. ಮನೆಯಲ್ಲಿ ರೊಟ್ಟಿ ಬಡಿಯುವ ಊರಿಗೆ ಇದರ ಗೊಡವೆ ಏಕೆ? ಆದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯಿಂದ ದುಡಿಮೆ ಹುಡುಕಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಸೇರುವ ಯುವಕರಿಗೆ ಇಂದು ಸುಲಭಕ್ಕೆ ಸಿಗುವ ಕೆಲಸಗಳಲ್ಲಿ ಇದೂ ಒಂದು. ಒಂದು ಬೈಕು, ಒಂದು ಫೋನು, ಒಂದು ಲೈಸೆನ್ಸ್ ಇದ್ದರೆ ಸಾಕು. ನೀತಿ ಆಯೋಗದ 2022ರ ವರದಿಯ ಪ್ರಕಾರ 2020-21ರಲ್ಲಿ ದೇಶದಲ್ಲಿ ಇಂಥ ಗಿಗ್ ಕಾರ್ಮಿಕರು 77 ಲಕ್ಷ; 2029-30ರ ವೇಳೆಗೆ ಅವರ ಸಂಖ್ಯೆ 2.35 ಕೋಟಿ ತಲುಪುವ ಅಂದಾಜಿದೆ. ಊಟ ತರಿಸುವವರು ಪಟ್ಟಣದವರಿರಬಹುದು, ತರುವವರು ನಮ್ಮವರು.

ಕಂಪೆನಿಗಳು ಇವರನ್ನು ನೌಕರರು ಎನ್ನುವುದಿಲ್ಲ, ‘ಪಾರ್ಟ್ನರ್’ ಎನ್ನುತ್ತವೆ, ಅಂದರೆ ಪಾಲುದಾರರು. ಪಾಲು ಎಂದರೇನೆಂದು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಇನ್ನೊಬ್ಬರ ಹೊಲವನ್ನು ಪಾಲಿಗೆ ಮಾಡಿದವನಿಗೆ ರಾಶಿಯಲ್ಲಿ ಪಾಲು ಇರುತ್ತದೆ. ಬೈಕು ತನ್ನದು, ಪೆಟ್ರೋಲು ತನ್ನದು, ಬಿದ್ದರೆ ಮುರಿಯುವ ಕಾಲೂ ತನ್ನದು, ಲಾಭದಲ್ಲಿ ಮಾತ್ರ ಪಾಲಿಲ್ಲ ಎಂದರೆ ಅದು ಎಂಥ ಪಾಲುದಾರಿಕೆ? ಹೆಸರನ್ನು ದೊಡ್ಡದು ಮಾಡಿ ಹೊಣೆಯನ್ನು ಚಿಕ್ಕದು ಮಾಡುವ ಜಾಣತನ ಇದು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಆಯದ ಪದ್ಧತಿಯಿತ್ತು. ಬಡಿಗ, ಕಂಬಾರ, ಕುಂಬಾರ, ಅಗಸ, ನಾವಿದ, ಕೆಲವೆಡೆ ಮುಲ್ಲಾ ಕೂಡ ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಆಯದ ಕಾಳು ಒಯ್ಯುತ್ತಿದ್ದರು. ಆ ಪದ್ಧತಿಯನ್ನು ಹೊಗಳಲು ನಾವು ಹೊರಟಿಲ್ಲ. ಜಾತಿಯ ಏಣಿ ಅದರ ಬೆನ್ನೆಲುಬಾಗಿತ್ತು. ಕೆಳಗಿನವರಿಗೆ ಕಾಳಿನ ಜತೆ ಅವಮಾನವೂ ಸಿಗುತ್ತಿತ್ತು. ಆದರೂ ಒಂದು ಸಂಗತಿ ಗಮನಿಸಬೇಕು: ಆಯವೆಂಬುದು ರೈತನ ಮನಸ್ಸಿನ ಖುಷಿಗೆ ಬಿಟ್ಟದ್ದಾಗಿರಲಿಲ್ಲ. ಅದು ಗೊತ್ತಾದ ಪಾಲು. ಇಂದಿನ ಕೃಷಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರ ಕೂಲಿಯೂ ಹಾಗೆಯೇ, ಮಾರುಕಟ್ಟೆ ಸಮಿತಿ ಗೊತ್ತುಪಡಿಸಿದ ದರ. ಯಾರಾದರೂ ಮೇಲೆ ಚಹಾಕ್ಕೆಂದು ಕೊಟ್ಟರೆ ಅದು ಬೇರೆ ಲೆಕ್ಕ. ಊಟ ಹೊತ್ತು ಬರುವವನ ಕೂಲಿ ಮಾತ್ರ ದೂರ, ಹೊತ್ತು, ಬೇಡಿಕೆ, ಇನ್ಸೆಂಟಿವ್ ಎಂದು ಅವನ ಕಣ್ಣಿಗೆ ಕಾಣದ ಲೆಕ್ಕದಲ್ಲಿ ಏರಿಳಿಯುತ್ತದೆ.

ಹಾಗಾದರೆ ಟಿಪ್ ಎಷ್ಟು ಬರುತ್ತದೆ? 2025ರ ಡಿಸೆಂಬರ್ 25 ಮತ್ತು 31ರಂದು ಡೆಲಿವರಿ ಕಾರ್ಮಿಕರ ಸಂಘಟನೆಗಳು ಮುಷ್ಕರಕ್ಕೆ ಕರೆ ಕೊಟ್ಟಾಗ ಜೊಮಾಟೊ ಸ್ಥಾಪಕ ದೀಪಿಂದರ್ ಗೋಯಲ್ ತಾವೇ ಕೆಲವು ಅಂಕಿಗಳನ್ನು ಮುಂದಿಟ್ಟರು. ಅವರ ಪ್ರಕಾರ 2025ರಲ್ಲಿ ಜೊಮಾಟೊ ಸವಾರರ ಸರಾಸರಿ ಗಳಿಕೆ, ಟಿಪ್ ಬಿಟ್ಟು, ಗಂಟೆಗೆ 102 ರೂಪಾಯಿ. ಪೆಟ್ರೋಲು, ರಿಪೇರಿಗೆ ಇದರಲ್ಲಿ ಸುಮಾರು ಐದರಲ್ಲೊಂದು ಪಾಲು ಹೋಗುತ್ತದೆ. ಟಿಪ್ ಗಂಟೆಗೆ 2 ರೂಪಾಯಿ 60 ಪೈಸೆ. ಟಿಪ್ ಸಿಗುವುದು ನೂರು ಆರ್ಡರುಗಳಲ್ಲಿ ಸುಮಾರು ಐದಕ್ಕೆ ಮಾತ್ರ. ಅದರ ಪೂರ್ತಿ ಹಣ ಸವಾರರಿಗೇ ಹೋಗುತ್ತದೆ ಎಂದೂ ಅವರು ಹೇಳಿದರು. ಇದು ಕಂಪೆನಿಯೇ ಕೊಟ್ಟ ಲೆಕ್ಕ. ಹತ್ತು ಗಂಟೆ ಬಿಸಿಲು ಮಳೆಯಲ್ಲಿ ಓಡಾಡಿದರೆ ಗ್ರಾಹಕರೆಲ್ಲರ ಔದಾರ್ಯ ಸೇರಿ 26 ರೂಪಾಯಿ! ಇನ್ನೊಂದೆಡೆ 2023ರಲ್ಲಿ 2 ರೂಪಾಯಿಯಿಂದ ಆರಂಭವಾದ ‘ಪ್ಲಾಟ್‌ಫಾರ್ಮ್ ಶುಲ್ಕ’ 2025ರ ವೇಳೆಗೆ ಪ್ರತಿ ಆರ್ಡರಿಗೆ ಹತ್ತು ರೂಪಾಯಿ ದಾಟಿತು. ಕಂಪೆನಿಗೆ ಹೋಗುವ ಶುಲ್ಕ ಕಡ್ಡಾಯ, ದುಡಿಯುವವನಿಗೆ ಹೋಗುವುದು ಗ್ರಾಹಕರ ಮರ್ಜಿ. ಇಡೀ ವ್ಯವಸ್ಥೆಯ ನ್ಯಾಯಪ್ರಜ್ಞೆ ಎಂಥದ್ದೆಂದು ತಿಳಿಯಲು ಆ ಒಂದು ಬಿಲ್ಲು ಸಾಕು.

ಭಕ್ಷೀಸಿನ ಮೇಲೆ ಕೂಲಿಯನ್ನು ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚರಿತ್ರೆ ಪಾಠವಾಗಿದೆ. ಗುಲಾಮಗಿರಿ ಅಳಿದ ಮೇಲೆ ಅಲ್ಲಿನ ಪುಲ್‌ಮನ್ ಕಂಪೆನಿ ತನ್ನ ರೈಲು ಬೋಗಿಗಳಿಗೆ ಬಿಡುಗಡೆಗೊಂಡ ಕರಿಯರನ್ನು ಸೇರಿಸಿಕೊಂಡು ಅಲ್ಪ ಸಂಬಳ ಕೊಟ್ಟಿತು. ಉಳಿದದ್ದನ್ನು ಅವರು ಪ್ರಯಾಣಿಕರ ಮುಂದೆ ನಗುತ್ತ ನಿಂತು ಗಳಿಸಬೇಕಾಗಿತ್ತು. ಎ. ಫಿಲಿಪ್ ರಾಂಡಾಲ್ಫ್ ನೇತೃತ್ವದಲ್ಲಿ 1925ರಲ್ಲಿ ಸಂಘ ಕಟ್ಟಿದ ಆ ಕಾರ್ಮಿಕರು 1937ರಲ್ಲಿ ಕಂಪೆನಿಯನ್ನು ಒಪ್ಪಂದಕ್ಕೆ ತಂದರು. ಆದರೆ ರೋಗ ವಾಸಿಯಾಗಲಿಲ್ಲ. ಟಿಪ್ ಪಡೆಯುವ ನೌಕರರಿಗೆ ಮಾಲಿಕ ಕೊಡಬೇಕಾದ ಕನಿಷ್ಠ ಕೂಲಿ ಅಲ್ಲಿನ ಕೇಂದ್ರ ಕಾನೂನಿನಲ್ಲಿ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ. ಆ್ಯಪ್‌ಗಳ ಕಾಲದಲ್ಲಿ ರೋಗ ಇನ್ನೊಂದು ರೂಪ ತಾಳಿತು. ಡೋರ್‌ಡ್ಯಾಶ್ ಎಂಬ ಕಂಪೆನಿ ಗ್ರಾಹಕರು ಕೊಟ್ಟ ಟಿಪ್ಪನ್ನು ತಾನು ಕೊಡಬೇಕಾದ ಕೂಲಿಗೆ ಹೊಂದಿಸಿಕೊಳ್ಳುತ್ತಿದ್ದುದು ಬಯಲಾಗಿ 2019ರಲ್ಲಿ ಪದ್ಧತಿ ಬದಲಿಸಬೇಕಾಯಿತು. ಚಾಲಕರ ಟಿಪ್ ಹಣ ತಡೆಹಿಡಿದ ಆರೋಪದಲ್ಲಿ ಅಮೆಜಾನ್ 2021ರಲ್ಲಿ 6.17 ಕೋಟಿ ಡಾಲರ್ ಕೊಡಲು ಒಪ್ಪಿತು. ಗ್ರಾಹಕ ಬಡವನಿಗೆಂದು ಕೊಟ್ಟದ್ದು ಶ್ರೀಮಂತನ ಖರ್ಚು ಉಳಿಸಿತ್ತು!

ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಉಬರ್ ‘ಮುಂಗಡ ಟಿಪ್’ ವಿವಾದಕ್ಕೆ ಸಿಕ್ಕಿಕೊಂಡಿತು. ಗಾಡಿ ಬೇಗ ಬರಬೇಕಾದರೆ ಮೊದಲೇ ಟಿಪ್ ಕೊಡಿ ಎಂಬ ಸೂಚನೆ ಅದು. ಧಾರವಾಡದ ಸಂಸದರೂ ಗ್ರಾಹಕ ವ್ಯವಹಾರಗಳ ಸಚಿವರೂ ಆದ ಪ್ರಹ್ಲಾದ ಜೋಶಿ ಇದನ್ನು ಅನೈತಿಕವೆಂದು ಖಂಡಿಸಿದರು. ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸು ಕೊಟ್ಟಿತು. ಕೆಲಸಕ್ಕೆ ಮುಂಚೆ ಕೇಳುವುದು ಮೆಚ್ಚುಗೆಯಾಗದು, ಹರಾಜಾಗುತ್ತದೆ ಎಂಬುದು ಸರಿಯೇ. ಆದರೆ ಊಟದ ಆ್ಯಪ್‌ಗಳೂ ಊಟ ಮನೆ ಮುಟ್ಟುವ ಮೊದಲೇ ಟಿಪ್ ಕೇಳುತ್ತವೆಯಲ್ಲ?

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಭಕ್ಷೀಸು ಕೊಡುವವನ ಮನಸ್ಸನ್ನು ಅವಲಂಬಿಸಿದ್ದು, ಮನಸ್ಸಿನಲ್ಲಿ ಪೂರ್ವಗ್ರಹಗಳೂ ಇರುತ್ತವೆ. ಅಮೆರಿಕದ ನ್ಯೂ ಹೇವನ್ ನಗರದ ಟ್ಯಾಕ್ಸಿಗಳ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕರಿಯ ಚಾಲಕರಿಗೆ ಬಿಳಿಯ ಚಾಲಕರಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಟಿಪ್ ಸಿಗುತ್ತಿದ್ದುದು ಕಂಡುಬಂತು. ಕರಿಯ ಪ್ರಯಾಣಿಕರೂ ಕರಿಯ ಚಾಲಕರಿಗೆ ಕಡಿಮೆಯೇ ಕೊಡುತ್ತಿದ್ದರು! ನಮ್ಮ ಆ್ಯಪ್‌ಗಳಲ್ಲಿ ಊಟಕ್ಕಿಂತ ಮೊದಲು ತರುವವನ ಹೆಸರು ಪರದೆಯ ಮೇಲೆ ಬರುತ್ತದೆ. 2019ರ ಜುಲೈನಲ್ಲಿ ಜಬಲ್ಪುರದ ಗ್ರಾಹಕರೊಬ್ಬರು ತರುವವನು ಹಿಂದೂ ಅಲ್ಲವೆಂದು ಆರ್ಡರನ್ನೇ ರದ್ದುಪಡಿಸಿದರು. ಜೊಮಾಟೊ ಅಂದು ಅದಕ್ಕೆ ಮಣಿಯಲಿಲ್ಲ, ಅದನ್ನು ಮೆಚ್ಚಲೇಬೇಕು. ರದ್ದು ಮಾಡಿದರೆ ಸುದ್ದಿಯಾಗುತ್ತದೆ. ಹೆಸರು ನೋಡಿ ಟಿಪ್ ಕೊಡದಿದ್ದರೆ, ಒಂದು ನಕ್ಷತ್ರ ಕಡಿಮೆ ಒತ್ತಿದರೆ ಯಾರಿಗೆ ಗೊತ್ತಾಗುತ್ತದೆ? ಕೂಲಿ ನ್ಯಾಯವಾಗಿದ್ದರೆ ಇಂಥ ಮನಸ್ಸುಗಳು ದುಡಿಯುವವನ ಅನ್ನವನ್ನು ಮುಟ್ಟಲಾರವು.

ನಂದಿತಾ ದಾಸ್ ನಿರ್ದೇಶನದ ‘ಜ್ವಿಗಾಟೊ’ ಚಿತ್ರ 2023ರ ಮಾರ್ಚಿನಲ್ಲಿ ತೆರೆಕಂಡಿತು. ಕಾರ್ಖಾನೆಯ ಕೆಲಸ ಕಳೆದುಕೊಂಡು ಭುವನೇಶ್ವರದಲ್ಲಿ ಊಟ ತಲುಪಿಸುವ ಮಾನಸ್ ಎಂಬಾತನ ಕತೆ ಅದು. ಹಾಸ್ಯಕ್ಕೆ ಹೆಸರಾದ ಕಪಿಲ್ ಶರ್ಮಾ ಇಲ್ಲಿ ನಗಿಸುವುದಿಲ್ಲ. ಆರ್ಡರುಗಳ ಎಣಿಕೆ, ರೇಟಿಂಗು, ಇನ್ಸೆಂಟಿವ್‌ಗಳ ನಡುವೆ ಮನುಷ್ಯನೊಬ್ಬ ಸಣ್ಣವನಾಗುತ್ತ ಹೋಗುವುದನ್ನು ಚಿತ್ರ ಅಬ್ಬರವಿಲ್ಲದೆ ತೋರಿಸುತ್ತದೆ. ಅದರ ಹೆಚ್ಚುಗಾರಿಕೆ ಇರುವುದು ಪ್ರೇಕ್ಷಕನಿಗೆ ಅಯ್ಯೋ ಪಾಪ ಎನ್ನುವ ಸುಲಭದ ದಾರಿ ಕೊಡದಿರುವುದರಲ್ಲಿ. ಮಾನಸ್‌ಗೆ ಬೇಕಾದದ್ದು ಕರುಣೆ ಅಲ್ಲವೆಂದು ನೋಡುವವರಿಗೆ ತಿಳಿಯುತ್ತದೆ.

ನಮ್ಮ ನಾಡಿನ ಪರಂಪರೆಗಳೂ ಇಲ್ಲಿ ನೆನಪಾಗುತ್ತವೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದರು. ಅಲ್ಲಿ ಹೇಳಿರುವುದು ಕೂಲಿಯ ಮಾತು. ದಾನಕ್ಕೆ ಬೇರೆ ಸ್ಥಾನವಿದೆ. ಕೂಲಿಯನ್ನು ದಾನದ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿಸಲು ಹೇಳಿದಳೆಂಬುದು ಎಲ್ಲರಿಗೂ ತಿಳಿದ ಕತೆ. ದುಡಿಯುವವರಿಗೆ ಹೆಚ್ಚಿನದು ಬೇಕಿಲ್ಲ ಎಂದು ವಾದಿಸಲು ಈ ಕತೆಯನ್ನು ಬಳಸುವವರಿದ್ದಾರೆ. ಕಾಯಕದಿಂದ ಹೊಟ್ಟೆ ತುಂಬುತ್ತಿದ್ದುದರಿಂದಲೇ ಲಕ್ಕಮ್ಮನಿಗೆ ಆ ಘನತೆ ಸಾಧ್ಯವಾಯಿತು ಎಂಬುದನ್ನು ಅವರು ಮರೆಯುತ್ತಾರೆ.

ಹಾಗೆಂದು ಟಿಪ್ ಕೊಡಬಾರದು ಎಂದಲ್ಲ. ಕಂಪೆನಿ ಕೊಡಬೇಕಾದದ್ದನ್ನು ನಾವೇಕೆ ಕೊಡಬೇಕು ಎಂಬ ತತ್ವ ಕೇಳಲು ಚೆನ್ನಾಗಿದೆ. ಆದರೆ ಆ ತತ್ವದ ಬೆಲೆ ತೆರುವವನು ಬಾಗಿಲಲ್ಲಿ ನೆನೆದು ನಿಂತವನು. ಕಂಪೆನಿಗೆ ಅದರಿಂದ ಒಂದು ಪೈಸೆಯ ನಷ್ಟವೂ ಇಲ್ಲ. ಕೂಲಿ ನ್ಯಾಯವಾಗುವವರೆಗೆ ಮನೆಗೆ ಊಟ ತರಿಸುವವರ ಮೇಲೆ ಕೆಲವು ಕರ್ತವ್ಯಗಳಿವೆ. ಮಳೆ, ಉರಿಬಿಸಿಲು, ನಡುರಾತ್ರಿ, ಲಿಫ್ಟಿಲ್ಲದ ಮೂರನೇ ಮಹಡಿ, ಹಬ್ಬದ ದಿನ - ಇಂಥಲ್ಲಿ ಕೊಡುವುದನ್ನು ರೂಢಿ ಮಾಡಿಕೊಳ್ಳಬೇಕು. ಊಟ ಕೈಗೆ ಬಂದ ಮೇಲೆ ಆತನ ಕೈಗೇ ಕೊಡುವುದು ಲೇಸು. ಕೊಟ್ಟು ಫೋಟೊ ತೆಗೆಯುವುದು, ಉಪದೇಶ ಮಾಡುವುದು ಬೇಡ. ಹೋಟೆಲಿನ ತಪ್ಪಿಗೆ ತಂದವನ ರೇಟಿಂಗ್ ಕಡಿಯಬಾರದು. ವಿಳಾಸ ಸರಿಯಾಗಿ ಬರೆಯಬೇಕು, ಫೋನು ಎತ್ತಬೇಕು. ನಲವತ್ತು ದಾಟಿದವರನ್ನೂ ‘ಡೆಲಿವರಿ ಹುಡುಗ’ ಎನ್ನುವುದನ್ನು ಬಿಟ್ಟು ಅಣ್ಣಾ, ಭಾಯಿ ಎನ್ನಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಖರ್ಚಾಗುವುದಿಲ್ಲ.

ಇಷ್ಟು ಮಾಡಿ ಕೈತೊಳೆದುಕೊಂಡರೆ ಮಾತ್ರ ಸಾಲದು. ಕರ್ನಾಟಕ ಸರಕಾರ 2023ರ ಬಜೆಟಿನಲ್ಲಿ ಗಿಗ್ ಕಾರ್ಮಿಕರಿಗೆ 4 ಲಕ್ಷ ರೂಪಾಯಿಯ ವಿಮೆ ಘೋಷಿಸಿತು. 2025ರಲ್ಲಿ ಅವರ ಸಾಮಾಜಿಕ ಭದ್ರತೆಗೆ ಪ್ರತ್ಯೇಕ ಕಾಯ್ದೆ ತಂದಿತು. ಸವಾರನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪೆನಿ ಕಟ್ಟಬೇಕು. ಕಲ್ಯಾಣ ಮಂಡಳಿ ಇರಬೇಕು. ಕಾರಣ ಹೇಳದೆ, ನೋಟಿಸು ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಒಳ್ಳೆಯ ಹೆಜ್ಜೆ. ಆದರೆ ಒಂದು ಗಂಟೆಯ ದುಡಿಮೆಗೆ ಕನಿಷ್ಠ ಇಷ್ಟು ಕೂಲಿ ಎಂದು ಅದು ಹೇಳುವುದಿಲ್ಲ. ಚೀಲ ಹೊರುವ ಹಮಾಲನಿಗೆ ದರ ಗೊತ್ತುಪಡಿಸಬಲ್ಲ ನಾಡು ಊಟ ಹೊರುವವನಿಗೆ ಗೊತ್ತುಪಡಿಸಲಾರದೆ? ಈ ಪ್ರಶ್ನೆಯನ್ನು ಕಾರ್ಮಿಕ ಸಂಘಗಳು ಕೇಳುತ್ತಿವೆ. ಊಟ ತರಿಸಿ ಉಣ್ಣುವವರೂ, ಮಕ್ಕಳನ್ನು ಬೈಕು ಕೊಡಿಸಿ ಪಟ್ಟಣಕ್ಕೆ ಕಳಿಸುವ ಮುರಗೋಡದಂಥ ಊರುಗಳ ತಂದೆತಾಯಂದಿರೂ ತಮ್ಮ ಶಾಸಕರ ಮುಂದೆ ಕೇಳಬೇಕಾಗಿದೆ. ಭಕ್ಷೀಸು ಕೊಡೋಣ, ಸಂತೋಷದಿಂದ ಕೊಡೋಣ. ಅದನ್ನು ಹಕ್ಕಿನ ಜಾಗದಲ್ಲಿ ಕೂರಿಸಲು ಮಾತ್ರ ಬಿಡಬಾರದು.