ಸಿಡಿತಲೆ ಶಿಲ್ಪಗಳು: ನೋಟದ ನೆಲೆಗಳು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸ್ಮಾರಕಶಿಲೆಗಳಲ್ಲಿ ಆತ್ಮಬಲಿಯ ಶಿಲ್ಪಗಳದು ಪ್ರತ್ಯೇಕವಾದ ವರ್ಗ. ಅವುಗಳಲ್ಲಿ ಸಿಡಿತಲೆಯ ಚಿತ್ರಣ ಅತ್ಯಂತ ಉಗ್ರವಾದುದು. ಬಾಗಿಸಿದ ಗಳುವಿನ ತುದಿಗೆ ಮುಡಿಯನ್ನು ಬಿಗಿದುಕೊಂಡು ವ್ಯಕ್ತಿ ಕುಳಿತಿರುತ್ತಾನೆ. ಕೊರಳು ಕತ್ತರಿಸಿದೊಡನೆ ಗಳು ನೆಟ್ಟಗಾಗಿ ತಲೆ ಮೇಲಕ್ಕೆ ಸಿಡಿಯುತ್ತದೆ. ಶಾಸನಗಳು ಇದನ್ನು ದೇವತೆಗೆ ಸಲ್ಲಿಸಿದ ಹರಕೆಯೆಂದೋ ಒಡೆಯನ ಋಣ ತೀರಿಸಿದ ಜೋಳವಾಳಿಯೆಂದೋ ವರ್ಣಿಸುತ್ತವೆ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7ನೆಯ (1902) ಮತ್ತು 8ನೆಯ (1904) ಸಂಪುಟಗಳು ಈ ಭಾಗದ ಶಾಸನಗಳನ್ನು ವಿದ್ವಾಂಸರಿಗೆ ಒದಗಿಸಿದವು. ಆದರೆ ಅಲ್ಲಿ ಪಾಠವೇ ಪ್ರಧಾನವಾಗಿ, ಶಿಲ್ಪ ಹಿನ್ನೆಲೆಗೆ ಸರಿಯಿತು. ಶಿಲ್ಪದತ್ತ ತಿರುಗಿದ ಚರ್ಚೆಯಲ್ಲಿ ಎರಡು ಪ್ರತಿಕ್ರಿಯೆಗಳು ಮೇಲಿಂದ ಮೇಲೆ ಕಾಣುತ್ತವೆ: ಇದು ಬರ್ಬರತೆ ಎಂಬ ಜುಗುಪ್ಸೆ, ಇದು ಅಪ್ರತಿಮ ಸ್ವಾಮಿನಿಷ್ಠೆ ಎಂಬ ಅಭಿಮಾನ. ಇವೆರಡೂ ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿಯೇ ನಿಂತುಬಿಡುತ್ತವೆ.

ಸ್ಮಾರಕಶಿಲೆಯ ಸಾಮಾನ್ಯ ವಿನ್ಯಾಸ ಕಣ್ಣನ್ನು ಮೇಲಕ್ಕೆ ಕರೆದೊಯ್ಯುತ್ತದೆ. ಕೆಳಗೆ ಮರಣ, ನಡುವೆ ಅಪ್ಸರೆಯರೊಡನೆ ಪಯಣ, ಮೇಲೆ ಲಿಂಗದ ಸನ್ನಿಧಿ. ರಕ್ತಪಾತ ಈ ಕ್ರಮದಲ್ಲಿ ಆರಂಭ ಮಾತ್ರ. ಊರಿನವರು ಇಂತಹ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯುವಾಗ ಅವರ ಎದುರಿಗಿರುವುದು ಕೊಲೆಯ ದೃಶ್ಯವಲ್ಲ, ದೈವವಾದ ಪೂರ್ವಿಕ.

ಯುರೋಪಿನ ನಿದರ್ಶನವೊಂದನ್ನು ಇಲ್ಲಿ ಹೋಲಿಸಬಹುದು. ಗ್ರೂನೆವಾಲ್ಡನು 1512-1516ರಲ್ಲಿ ರಚಿಸಿದ ಈಸನ್‌ಹೈಮ್ ವೇದಿಕಾಚಿತ್ರದಲ್ಲಿ ಶಿಲುಬೆಯ ಕ್ರಿಸ್ತನ ಮೈತುಂಬ ಗಾಯಗಳು. ಅದನ್ನು ರಚಿಸಿದ್ದು ಚರ್ಮ ಸುಡುವಂತಹ ವ್ಯಾಧಿಯಿಂದ ನರಳುವವರನ್ನು ಉಪಚರಿಸುತ್ತಿದ್ದ ಮಠಕ್ಕಾಗಿ. ಆ ಗಾಯಗಳಲ್ಲಿ ರೋಗಿ ತನ್ನ ನೋವಿನ ಸಂಗಾತಿಯನ್ನು ಕಾಣಬಹುದಾಗಿತ್ತು. ಈಗ ಚಿತ್ರ ಕೋಲ್ಮಾರ್‌ನ ವಸ್ತುಸಂಗ್ರಹಾಲಯದಲ್ಲಿದೆ, ಪ್ರೇಕ್ಷಕರು ಬದಲಾಗಿದ್ದಾರೆ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಆವರಣಕ್ಕೆ ಬಂದ ವೀರಗಲ್ಲು, ಮಾಸ್ತಿಕಲ್ಲುಗಳ ಸ್ಥಿತಿಯೂ ಭಿನ್ನವಲ್ಲ. ಕಲ್ಲು ಉಳಿದಿದೆ, ಅದನ್ನು ಅರ್ಥವತ್ತಾಗಿಸಿದ್ದ ನೆಲೆ ಹಿಂದೆ ಉಳಿದಿದೆ.

ಆದರೆ ಭಕ್ತರ ನೋಟವೇ ಅಂತಿಮವೆಂದು ಒಪ್ಪುವುದೂ ಸಾಧ್ಯವಿಲ್ಲ. ಈಸನ್‌ಹೈಮ್‌ನಲ್ಲಿ ನೋಡುಗನೇ ನೊಂದವನು. ಸಿಡಿತಲೆಯ ಕಲ್ಲಿನಲ್ಲಿ ನೊಂದವನು ಮಾತನಾಡುವುದಿಲ್ಲ. ಕಲ್ಲು ನಿಲ್ಲಿಸಿದವರು, ದತ್ತಿ ಬಿಟ್ಟವರು, ಹೊಗಳಿಕೆ ಬರೆಸಿದವರು ಬದುಕಿ ಉಳಿದವರು. ಸತ್ತವನು ಸ್ವಇಚ್ಛೆಯಿಂದ ತಲೆಕೊಟ್ಟನೆಂಬುದು ಅವರ ಹೇಳಿಕೆ. ಮಾಸ್ತಿಕಲ್ಲಿನ ಬಳೆತೊಟ್ಟ ತೋಳಿನ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಮೇಲಿನ ಪಟ್ಟಿಕೆಯ ಸ್ವರ್ಗ ಕೆಳಗಿನ ಪಟ್ಟಿಕೆಯ ಅಧಿಕಾರಸಂಬಂಧವನ್ನು ಮರೆಮಾಡಬಲ್ಲದು.

ಆದುದರಿಂದ ಕೆಳಪಟ್ಟಿಕೆಯನ್ನಷ್ಟೇ ಕತ್ತರಿಸಿ ಮುದ್ರಿಸುವ ಛಾಯಾಚಿತ್ರವಾಗಲಿ, ಶಾಸನದ ಹೊಗಳಿಕೆಯನ್ನು ಯಥಾವತ್ತಾಗಿ ಪುನರುಚ್ಚರಿಸುವ ಲೇಖನವಾಗಲಿ ಸಾಲದು. ಇಡೀ ಕಲ್ಲು, ಅದು ನಿಂತ ಜಾಗ, ಅದಕ್ಕೆ ಸಲ್ಲುವ ಪೂಜೆ, ಆ ಊರಿನ ಮೌಖಿಕ ಕಥನ, ಅದನ್ನು ನಿಲ್ಲಿಸಿದವರ ಸ್ಥಾನಮಾನ, ಇವೆಲ್ಲವನ್ನೂ ಒಟ್ಟಿಗೆ ದಾಖಲಿಸಬೇಕು. ಶಿಕಾರಿಪುರ, ಸೊರಬಗಳ ಹೊಲ ಕೆರೆಯಂಗಳಗಳಲ್ಲಿ ಕಲ್ಲುಗಳು ಸ್ವಸ್ಥಾನದಲ್ಲಿರುವಾಗಲೇ ಈ ಕೆಲಸ ನಡೆಯುವುದು ಅಗತ್ಯ.